ಬಿಡಿಸಿ ತಂದ ಎಳೆ ಕುದುರೆ ಸವಾರಿಗೆ ಆಗುತ್ತಾ? ಮೈಕಟ್ಟು ಹೇಗೆ ನೋಡೋದು?

ಚಿಂತಾಮಣಿಯಿಂದ ಕೇಳಿದ್ದು: ಹೋದ ತಿಂಗಳು ನಮ್ಮ ತೋಟಕ್ಕೆ ಒಂದು ಹೆಣ್ಣು ಕುದುರೆ ತಂದೆವು. ಮದುವೆ ಮೆರವಣಿಗೆಗೆ ಬಳಸಿ, ಸೊರಗಿದ ಮೇಲೆ ರಸ್ತೆಗೆ ಬಿಟ್ಟಿದ್ದರು. 3 ವರ್ಷ ಅನ್ನುತ್ತಾರೆ. ಪಕ್ಕೆಲುಬು ಎಣಿಸಬಹುದು, ಬೆನ್ನು ತಗ್ಗು, ಮುಂಗಾಲು ಸ್ವಲ್ಪ ಹೊರಕ್ಕೆ ತಿರುಗಿದೆ. ಮುಂದೆ ನನ್ನ ಮಗಳು ಹತ್ತಬಹುದಾ? ಸಾಕಿದವರು ಅನುಭವ ಹೇಳಿ.

ಕುಣಿಗಲ್‌ನಿಂದ: ಅಕ್ಕ, ಸೊರಗಿದ ಕುದುರೆಯ ಮೈಕಟ್ಟನ್ನು ಈಗಲೇ ತೀರ್ಮಾನ ಮಾಡಬೇಡಿ. ಮಾಂಸದ ಕೊರತೆ ಬೇರೆ, ಮೂಳೆಯ ಕೊರತೆ ಬೇರೆ. ತಗ್ಗು ಬೆನ್ನು, ಸಣ್ಣ ಕತ್ತು, ಜೋತುಬಿದ್ದ ಹೊಟ್ಟೆ, ಇವೆಲ್ಲ ಮೇವಿಲ್ಲದೆ, ಜಂತುಹುಳ ತುಂಬಿ ಆಗಿರಬಹುದು. ಮೈ ತುಂಬಿಕೊಂಡರೆ ಎಷ್ಟೋ ಸರಿಹೋಗುತ್ತದೆ.

ಕಾಲಿನದೂ ಹಾಗೇ ಇರಬಹುದು. ಎಳೆ ಕುದುರೆಯ ಎದೆ ಕಿರಿದಾಗಿದ್ದರೆ ಮೊಣಕೈ ಒಳಕ್ಕೆ ಒತ್ತಿಕೊಂಡು ಇಡೀ ಕಾಲು ಹೊರಕ್ಕೆ ತಿರುಗುತ್ತದೆ. ಎದೆ ಅಗಲವಾದಂತೆ ನೇರಕ್ಕೆ ಬರುತ್ತದೆ. ಆದರೆ ತಿರುವು ಮಂಡಿಯಲ್ಲೋ ಗೊರಸಿನ ಮೇಲಿನ ಗಿಣ್ಣಿನಲ್ಲೋ ಶುರುವಾಗಿದ್ದರೆ ಈ ವಯಸ್ಸಿಗೆ ಅದು ಹೋಗಲ್ಲ.

ನೋಡೋದಕ್ಕೆ ಗಾರೆಯವರ ತೂಗುಗುಂಡು ಸಾಕು. ಸಿಮೆಂಟ್ ಕಣದ ಮೇಲೆ ನಾಲ್ಕೂ ಕಾಲು ಸಮವಾಗಿ ಊರಿಸಿ ನಿಲ್ಲಿಸಿ. ಮುಂದೆ ನಿಂತು ಭುಜದ ಮೂಳೆಯ ತುದಿಯಿಂದ ದಾರ ಇಳಿಬಿಡಿ. ಅದು ಮಂಡಿ, ನಳಿ (ಮಂಡಿಯ ಕೆಳಗಿನ ಉದ್ದ ಮೂಳೆ), ಗೊರಸು ಮೂರರ ನಡುವೆಯೇ ಇಳಿಯಬೇಕು. ನಡುವೆಯೇ ಇಳಿದು, ಮಂಡಿ ಗೊರಸು ಎರಡೂ ಒಟ್ಟಿಗೆ ಹೊರಕ್ಕೆ ನೋಡುತ್ತಿದ್ದರೆ ಅದು ಎದೆಯಿಂದ ಬಂದದ್ದು. ಮಂಡಿ ನೇರ ಇದ್ದು ಗೊರಸು ಮಾತ್ರ ಹೊರಕ್ಕಿದ್ದರೆ ಗಿಣ್ಣಿನದು. ಆಮೇಲೆ ಪಕ್ಕದಿಂದ ನೋಡಿ. ಮಂಡಿ ಮುಂದಕ್ಕೆ ಚೂರು ಬಾಗಿದ್ದರೆ ನಾನು ಅಷ್ಟು ತಲೆ ಕೆಡಿಸಿಕೊಳ್ಳಲ್ಲ. ಹಿಂದಕ್ಕೆ ಬಾಗಿದ್ದರೆ ಮಾತ್ರ ಓಟದ ಸವಾರಿಗೆ ಬೇಡ ಅನ್ನುತ್ತೇನೆ. ಓಡುವಾಗ ಮಂಡಿಯ ಸಣ್ಣ ಮೂಳೆಗಳ ಮುಂಭಾಗ ಒಂದಕ್ಕೊಂದು ಒತ್ತಿ ಪೆಟ್ಟಾಗುತ್ತದೆ.

ವಯಸ್ಸಿಗೆ ಬಾಯಿಮಾತು ನಂಬಬೇಡಿ, ಹಲ್ಲು ನೋಡಿ. ನಡುವಿನ ಜೋಡಿ ಹಾಲುಹಲ್ಲು ಬಿದ್ದು ಹೊಸದು ಬರೋದು ಎರಡೂವರೆ ವರ್ಷಕ್ಕೆ, ಪಕ್ಕದ್ದು ಮೂರೂವರೆಗೆ, ಕಡೆಯದ್ದು ನಾಲ್ಕೂವರೆಗೆ. 5ಕ್ಕೆ ಬಾಯಿಗೂಡುತ್ತದೆ, ಅಂದರೆ ಮುಂದಿನ ಹಲ್ಲೆಲ್ಲ ಹೊಸದಾಗಿ ಬಂದು ಮುಗಿಯುತ್ತದೆ. ಮೂಳೆ ಬಲಿಯೋದು ಕೆಳಗಿನಿಂದ ಮೇಲಕ್ಕೆ. ಮಂಡಿ ಹತ್ತಿರದ್ದು ಸುಮಾರು ಎರಡೂವರೆ ವರ್ಷಕ್ಕೆ ಮುಗಿದರೆ, ಬೆನ್ನುಮೂಳೆಗೆ 5-6 ವರ್ಷ ಬೇಕು. ಜೀನು ಕೂರುವುದೇ ಅಲ್ಲಿ ಅಲ್ವಾ? ರೇಸಿನ ಮರಿಗಳು 2 ವರ್ಷಕ್ಕೇ ಓಡುತ್ತವೆ ಅಂತ ಹೋಲಿಸಬೇಡಿ. ಅವು ಹುಟ್ಟಿದಾಗಿನಿಂದ ಅಳತೆಯ ಮೇವು ತಿಂದಂಥವು, ಅವಕ್ಕೂ ಕಾಲು ಕೆಡುತ್ತದೆ. ಉಪವಾಸ ಬಿದ್ದ ಮರಿಗೆ ಇನ್ನೂ ಟೈಮ್ ಕೊಡಿ. 4 ತುಂಬುವ ತನಕ ಜೊತೆಯಲ್ಲಿ ನಡೆಸಿ, ಮಾತು ಕೇಳೋದು ಕಲಿಸಿ, ಹತ್ತಬೇಡಿ.

ಶಿಡ್ಲಘಟ್ಟದಿಂದ: ನಾನಾದರೆ ಗೊರಸಿನಿಂದ ಶುರು ಮಾಡುತ್ತೇನೆ. ಅಡ್ಡಾದಿಡ್ಡಿ ಬೆಳೆದ ಗೊರಸು ಕಾಲಿನ ನಿಲುವನ್ನೇ ಬದಲಿಸಿಬಿಡುತ್ತದೆ. ಒಂದು ಸಲ ಸವರಿಸಿ, ಆಮೇಲೆ ತೂಗುಗುಂಡು ಹಿಡಿಯಿರಿ. ಎತ್ತಿಗೆ ಲಾಳ ಕಟ್ಟುವವರು ಊರಲ್ಲೇ ಸಿಗಬಹುದು, ಆದರೆ ಸೀಳಿಲ್ಲದ ಗೊರಸಿನ ಕೆಲಸವೇ ಬೇರೆ. ಕುದುರೆಯದ್ದು ಗೊತ್ತಿರುವವರನ್ನೇ ಕರೆಸಿ. ಕಾಲೆತ್ತಿ ತಳ ಕೆರೆದು ಮೂಸಿ ನೋಡಿ. ಕೊಳೆತ ವಾಸನೆ, ಕಪ್ಪು ಅಂಟು ಇದ್ದರೆ ಮೊದಲು ಅದಕ್ಕೆ ಔಷಧಿ. 6-8 ವಾರಕ್ಕೊಮ್ಮೆ ಸವರಿಸುತ್ತಿರಿ. ಹೊಸ ಗೊರಸು ಮೇಲಿಂದ ಕೆಳಗೆ ಪೂರ್ತಿ ಇಳಿಯಲು ಹತ್ತಿರ ಹತ್ತಿರ ಒಂದು ವರ್ಷ ಹಿಡಿಯುತ್ತದೆ.

ಆಮೇಲೆ ಹಗ್ಗ ಸಡಿಲ ಬಿಟ್ಟು ಗಟ್ಟಿ ನೆಲದಲ್ಲಿ ಮೆಲ್ಲಗೆ ಓಡಿಸಿ. ಒಂದು ಮುಂಗಾಲು ಊರಿದಾಗಲೆಲ್ಲ ತಲೆ ಮೇಲಕ್ಕೆ ಎತ್ತಿದರೆ ಆ ಕಾಲಲ್ಲಿ ನೋವಿದೆ.

ಹಣೆಯ ಸುಳಿ ಸರಿಯಿಲ್ಲ, ಮನೆಗೆ ಆಗಿಬರಲ್ಲ ಅಂತ ಯಾರಾದರೂ ಬಂದೇ ಬರುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ. ಸುಳಿಗೂ ಕಾಲಿಗೂ ಸಂಬಂಧವಿಲ್ಲ. ಇದೇ ಮಾತಿಗೆ ಒಳ್ಳೊಳ್ಳೆ ಕುದುರೆಗಳು ಬೀದಿಪಾಲಾಗುತ್ತವೆ, ಹೊಟ್ಟೆ ಉರಿಯುತ್ತದೆ.

ಕೋಲಾರದಿಂದ: ಅಕ್ಕ, ಗ್ಲ್ಯಾಂಡರ್ಸ್ ಪರೀಕ್ಷೆ ಆಗಿದೆಯಾ? ಎಲ್ಲಿಂದಲೋ ಬಂದ ಕುದುರೆಗೆ ಇದು ಆಗಲೇಬೇಕು, ಮನುಷ್ಯರಿಗೂ ಹರಡುವ ಕಾಯಿಲೆ. ಪಶುವೈದ್ಯರಿಗೆ ಹೇಳಿದರೆ ರಕ್ತ ತೆಗೆದು ಕಳಿಸುತ್ತಾರೆ. ಹರಿಯಾಣದ ಹಿಸಾರ್‌ನಲ್ಲಿ ಕುದುರೆಗಳಿಗೆಂದೇ ಇರುವ ರಾಷ್ಟ್ರೀಯ ಸಂಶೋಧನಾ ಕೇಂದ್ರ ಈ ಪರೀಕ್ಷೆ ಮಾಡುತ್ತದೆ. ವರದಿ ಬರುವವರೆಗೆ ಮಗಳನ್ನು ದೂರವೇ ಇಡಿ. ಧನುರ್ವಾಯು ಲಸಿಕೆಯೂ ಹಾಕಿಸಿ.

ಪಾಪ ಅಂತ ಒಮ್ಮೆಗೇ ಹುರುಳಿ, ಬೂಸಾ ಸುರಿಯಬೇಡಿ. ಉಪವಾಸವಿದ್ದ ಕುದುರೆ ಅದರಿಂದಲೇ ಸಾಯಬಹುದು. ಒಣಹುಲ್ಲು, ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ಸ್ವಲ್ಪ ಸ್ವಲ್ಪವೇ, ದಿನಕ್ಕೆ ಐದಾರು ಸಲ ಕೊಡಿ. ವಾರ ಕಳೆದಂತೆ ಹೆಚ್ಚಿಸಿ.

ಭಾರದ ಲೆಕ್ಕ ಹೇಳುತ್ತೇನೆ. ಮುಂಗಾಲ ಹಿಂದೆ ಎದೆಯ ಸುತ್ತಳತೆ ಹಿಡಿಯಿರಿ, ಭುಜದ ತುದಿಯಿಂದ ಪಿರ್ರೆಯ ತುದಿಗೆ ಉದ್ದ ಹಿಡಿಯಿರಿ, ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 150, ಉದ್ದ 130 ಇದ್ದರೆ ಸುಮಾರು 246 ಕೆಜಿ ತೂಕ. ಬೆಳೆದ, ಗಟ್ಟಿಯಾದ ಕುದುರೆಗೂ ಅದರ ತೂಕದ ಐದರಲ್ಲೊಂದು ಭಾಗಕ್ಕಿಂತ ಜಾಸ್ತಿ ಹೊರಿಸಬಾರದು. ಅಂದರೆ ಜೀನು ಸೇರಿ 49 ಕೆಜಿ. ಕುದುರೆ ತಯಾರಾಗುವಷ್ಟರಲ್ಲಿ ಮಗಳೂ ಬೆಳೆದಿರುತ್ತಾಳೆ, ಆಗಿನ ತೂಕ ಇಟ್ಟುಕೊಂಡೇ ಲೆಕ್ಕ ಹಾಕಿ.