100 ಪುಟದಲ್ಲಿ ಒಂದಾದರೂ ತಪ್ಪು ಉಳಿಯುವ ಸಂಭವ ಎಷ್ಟು?

ಗದಗ ಪ್ರೂಫ್: ನಮ್ಮ ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್ ಜಾಸ್ತಿ. ಅಂಥದ್ದೊಂದರಲ್ಲಿ ನಾನು ಪ್ರೂಫ್ ನೋಡುತ್ತೇನೆ. ಒಂದು ಪುಟದಲ್ಲಿ ತಪ್ಪು ಉಳಿಯುವ ಸಂಭವ 1% ಅಂತಿಟ್ಟುಕೊಳ್ಳಿ. ಹಾಗಾದರೆ 100 ಪುಟಕ್ಕೆ 100%, ಒಂದು ತಪ್ಪು ಇದ್ದೇ ಇರುತ್ತದೆ ಅಂತಾರೆ ಜೊತೆಯವರು. ನನಗೆ ಒಪ್ಪಿಗೆ ಆಗುತ್ತಿಲ್ಲ, 200 ಪುಟ ಇದ್ದರೆ 200% ಅನ್ನಬೇಕಾಗುತ್ತದಲ್ವಾ? ಇಬ್ಬರು ಪ್ರೂಫ್ ನೋಡಿದರೆ ಲೆಕ್ಕ ಹೇಗೆ, ಅದನ್ನೂ ತಿಳಿಸಿ.

ಧಾರವಾಡ ಗಣಿತ: ನಿಮ್ಮ ಅನುಮಾನ ಸರಿ ಇದೆ ಸರ್. ಇಲ್ಲಿ ಕೂಡಿಸಬಾರದು, ಗುಣಿಸಬೇಕು. ತಪ್ಪಿಲ್ಲದ ಕಡೆಯಿಂದ ಹೊರಡಿ. ಒಂದು ಪುಟ ಶುದ್ಧವಾಗಿರುವ ಸಂಭವ 0.99. ಒಂದು ಪುಟದ ತಪ್ಪಿಗೂ ಇನ್ನೊಂದರ ತಪ್ಪಿಗೂ ಸಂಬಂಧ ಇಲ್ಲ ಅಂದರೆ ಅವು ಸ್ವತಂತ್ರ ಘಟನೆಗಳು, ಆಗ 0.99 ಅನ್ನು 100 ಸಲ ಗುಣಿಸಿ, ಸುಮಾರು 0.366 ಬರುತ್ತದೆ. ಇದು ಇಡೀ ಪುಸ್ತಕ ಶುದ್ಧವಾಗಿರುವ ಸಂಭವ. ಉಳಿದ 63.4% ನಿಮ್ಮ ಉತ್ತರ. 200 ಪುಟಕ್ಕೆ 86.6%. ಕೂಡಿಸಿದಾಗ ಬರುವ 1 ಕೂಡ ಸುಮ್ನೆ ಬಂದಿದ್ದಲ್ಲ, ಅದು ಸರಾಸರಿ ಎಷ್ಟು ಪುಟದಲ್ಲಿ ತಪ್ಪಿರುತ್ತದೆ ಅನ್ನುವ ಲೆಕ್ಕ.

ಹಾವೇರಿ ಓದು: ಇಬ್ಬರ ವಿಷಯಕ್ಕೆ ಬರೋಣ. ಒಬ್ಬರು 10% ತಪ್ಪು ಬಿಡುತ್ತಾರೆ, ಇನ್ನೊಬ್ಬರು 20%. ಇಬ್ಬರ ಕಣ್ಣೂ ತಪ್ಪಿಸಿಕೊಳ್ಳುವುದು 0.1 × 0.2, ಅಂದರೆ 2%. ಆದರೆ ಇದನ್ನು ಕಣ್ಣುಮುಚ್ಚಿ ನಂಬಬೇಡಿ. ‘ಮಧ್ಯ’ ಇರಬೇಕಾದಲ್ಲಿ ‘ಮದ್ಯ’ ಅಂತ ಬಿದ್ದರೆ ಒಬ್ಬರಿಗೆ ಕಾಣದ್ದು ಇನ್ನೊಬ್ಬರಿಗೂ ಕಾಣದೆ ಹೋಗುವುದೇ ಹೆಚ್ಚು, ಹಾಗಾಗಿ ನಿಜಕ್ಕೂ ಉಳಿಯುವುದು 2%ಗಿಂತ ಜಾಸ್ತಿ.

ಉಳಿದ ತಪ್ಪು ಅಂದಾಜು ಮಾಡಲು ಗಣಿತಜ್ಞ ಜಾರ್ಜ್ ಪೋಲ್ಯಾ 1976ರಲ್ಲಿ ಚಂದದ ದಾರಿ ತೋರಿಸಿದ್ದಾರೆ. ಮೊದಲನೆಯವರಿಗೆ 30 ತಪ್ಪು ಸಿಕ್ಕವು, ಎರಡನೆಯವರಿಗೆ 24, ಅದರಲ್ಲಿ 20 ಇಬ್ಬರಿಗೂ ಸಿಕ್ಕಿದ್ದು ಅನ್ನಿ. 30 × 24 ÷ 20 = 36, ಇದು ಪುಸ್ತಕದಲ್ಲಿದ್ದ ಒಟ್ಟು ತಪ್ಪುಗಳ ಅಂದಾಜು. ಒಟ್ಟು ಸಿಕ್ಕಿದ್ದು 34, ಹಾಗಾಗಿ ಇನ್ನೂ 2 ಅಡಗಿರಬಹುದು.

ಗದಗ ಪ್ರೂಫ್: ತುಂಬಾ ಉಪಕಾರ ಆಯ್ತು. ಆದರೆ ನಮ್ಮಲ್ಲಿ ಎರಡನೆಯವರು ಮೊದಲನೆಯವರ ಗುರುತು ಇರುವ ಪ್ರತಿಯನ್ನೇ ನೋಡುತ್ತಾರೆ. ಆಗಲೂ ಈ ಲೆಕ್ಕ ನಡೆಯುತ್ತಾ?

ಹಾವೇರಿ ಓದು: ನಡೆಯುವುದಿಲ್ಲ ರೀ. ಗುರುತು ಕಂಡ ಮೇಲೆ ಸ್ವತಂತ್ರ ಎಲ್ಲಿ ಉಳಿಯಿತು? ಇಬ್ಬರಿಗೂ ಬೇರೆ ಬೇರೆ ಪ್ರತಿ ಕೊಡಿ, ನೋಡಿ ಮುಗಿದ ಮೇಲೆ ಹೋಲಿಸಿ. ಕಾಗದ ಸ್ವಲ್ಪ ಜಾಸ್ತಿ ಹೋಗುತ್ತದೆ, ಹೋಗಲಿ.