ಅಪ್‌ಡೇಟ್: ಕೊರ್ಡೊಬಾ ಗಿಟಾರ್ ಹಬ್ಬಕ್ಕೆ ಹೋಗಿ ಬಂದೆ

ಸ್ಪೇನಿನ ಕೊರ್ಡೊಬಾ ಗಿಟಾರ್ ಹಬ್ಬಕ್ಕೆ ಜುಲೈ ಬಿಸಿಲಲ್ಲಿ ಹೋಗಬಹುದಾ, ಫ್ಲಮೆಂಕೊ (ದಕ್ಷಿಣ ಸ್ಪೇನಿನ ಹಾಡು, ಕುಣಿತ, ಗಿಟಾರ್ ಸೇರಿದ ಕಲೆ) ಗೊತ್ತಿಲ್ಲದವರಿಗೆ ಹಿಡಿಸುತ್ತಾ ಅಂತ ಕೇಳಿದ್ದೆ. ಧೈರ್ಯವಾಗಿ ಹೋಗಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್!

ಹಗಲು 40 ಡಿಗ್ರಿ ದಾಟಿತ್ತು. ಮಧ್ಯಾಹ್ನ ಸುಮ್ನೆ ರೂಮಲ್ಲಿ ಮಲಗಿದೆ. ನಾನು ಕೇಳಿದ ಕಛೇರಿಗಳೆಲ್ಲ ರಾತ್ರಿಯೇ ಇದ್ದವು. ಫ್ಲಮೆಂಕೊ ಗಿಟಾರ್ ವಾದಕ ಪಾಕೊ ಪೆನ್ಯಾ 1981ರಲ್ಲಿ ಶುರು ಮಾಡಿದ ಹಬ್ಬ ಇದು.

ಜಾಸ್ತಿ ಹಿಡಿಸಿದ್ದು ನಾದದ ವ್ಯತ್ಯಾಸ. ಕ್ಲಾಸಿಕಲ್ ಗಿಟಾರ್‌ಗೆ ಹೆಚ್ಚಾಗಿ ರೋಸ್‌ವುಡ್ ಬಳಸುತ್ತಾರೆ, ಸ್ವರ ದುಂಡಗೆ ತುಂಬಾ ಹೊತ್ತು ನಿಲ್ಲುತ್ತದೆ. ಫ್ಲಮೆಂಕೊ ಗಿಟಾರ್‌ಗೆ ಹಗುರವಾದ ಸೈಪ್ರೆಸ್ ಮರ. ಸ್ವರ ಸಿಡಿದು ಬೇಗ ಆರುತ್ತದೆ. ಬೆರಳಿಂದ ಹಲಗೆ ತಟ್ಟುವುದೂ ವಾದನದ ಭಾಗವೇ!

ಸೊಲೆಯಾ ಅನ್ನೋ ಫ್ಲಮೆಂಕೊ ಪ್ರಕಾರದ 12 ಎಣಿಕೆಯ ತಾಳ ಮೊದಲ ರಾತ್ರಿ ತಪ್ಪುತ್ತಲೇ ಇತ್ತು. ಒತ್ತು 3, 6, 8, 10, 12ಕ್ಕೆ ಬೀಳುತ್ತದೆ. ಚಿಕ್ಕಂದಿನಿಂದ ತಾಳ ಹಾಕಿದ ಕೈ ಅಲ್ವಾ, ಎರಡನೇ ರಾತ್ರಿ ಹಿಡಿದುಬಿಟ್ಟಿತು.