ನೀರಿನೊಳಗಿನ ಶಬ್ದ: ‘ಸ್ಪೀಡ್’ ಮತ್ತು ‘ಪವರ್’ಗೆ ಬೋರ್ಡಿನಲ್ಲಿ ಏನು ಬರೆಯಲಿ?

ಕೊಪ್ಪಳದಿಂದ, ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ. ನಮ್ಮ ಹೈಸ್ಕೂಲಿನ ವಿಜ್ಞಾನ ಮೇಳಕ್ಕೆ ಒಂದು ಬೋರ್ಡ್ ಬರೆಸಬೇಕು, ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾರೆ. ತುಂಗಭದ್ರಾ ಡ್ಯಾಮು ಕಟ್ಟಿದಾಗ 133 ಟಿಎಂಸಿ ನೀರು ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105.78ಕ್ಕೆ ಇಳಿದಿದೆ. ಈ ಹೂಳನ್ನು ಅಳೆಯುವುದು ಹೇಗೆ ಅಂತ ತೋರಿಸಬೇಕು. ದೋಣಿಯಿಂದ ಶಬ್ದ ಬಿಡುತ್ತಾರೆ, ಅದು ತಳಕ್ಕೆ ಬಡಿದು ವಾಪಸ್ ಬರುವ ಹೊತ್ತು ನೋಡಿ ಆಳ ಲೆಕ್ಕ ಹಾಕುತ್ತಾರೆ. ಬೋರ್ಡಿನಲ್ಲಿ ಎರಡು ಕಾಲಂ. ಒಂದು ಶಬ್ದದ ಸ್ಪೀಡ್, ಇನ್ನೊಂದು ಅದರ ಪವರ್. ಎರಡನೆಯದಕ್ಕೆ ‘ಶಬ್ದದ ಜೋರು’ ಅಂತ ಬರೆದಿದ್ದೆ. ಎಂಟನೇ ಕ್ಲಾಸಿನ ಹುಡುಗನೊಬ್ಬ ಓದಿ, “ಸರ, ಬೈಕೂ ಜೋರ್ ಹೋಗ್ತದ, ಮೈಕೂ ಜೋರ್ ಕೂಗ್ತದ. ಇದು ಯಾವ ಜೋರು?” ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಪದ ಕೊಡಿ.

ರಾಯಚೂರಿನಿಂದ:

ಪಠ್ಯಪುಸ್ತಕ ತೆಗೆದು ನೋಡಬಾರದೇ? ಸ್ಪೀಡ್‌ಗೆ ‘ಜವ’, ವೆಲಾಸಿಟಿಗೆ ‘ವೇಗ’. ದಿಕ್ಕು ಹೇಳದೆ ವೇಗ ಅನ್ನುವಂತಿಲ್ಲ. ಪವರ್‌ಗೆ ‘ಸಾಮರ್ಥ್ಯ’. ಮುಗೀತು.

ಬಳ್ಳಾರಿಯಿಂದ:

ಮುಗಿದಿಲ್ಲ. ‘ಶಬ್ದ’ ಯಾಕೆ ಬೇಕು? ಅದಕ್ಕೆ ಪದ ಅಂತಲೂ ಅರ್ಥವಿದೆ. ‘ಶಬ್ದಮಣಿದರ್ಪಣ’ ಏನು ಸೌಂಡಿನ ಪುಸ್ತಕವೇ? ‘ಸದ್ದು’ ಎನ್ನಿ, ಅಚ್ಚಗನ್ನಡ. ಸ್ಪೀಡ್‌ಗೆ ‘ಬಿರುಸು’. ‘ಜೋರು’ ಪಾರಸಿ ಪದ, ಬೋರ್ಡಿನ ಮೇಲೆ ಬೇಡವೇ ಬೇಡ.

ರಾಯಚೂರಿನಿಂದ:

ಕೇಶಿರಾಜನ ಪುಸ್ತಕ ಎತ್ತಿದವರು ಅದರ ಅಪಭ್ರಂಶ ಪ್ರಕರಣವನ್ನೂ ಓದಬೇಕಿತ್ತು. ‘ಸದ್ದು’ ನಿಮ್ಮ ‘ಶಬ್ದ’ದ ತದ್ಭವ, ಸ್ವಾಮಿ. ‘ಬಿರುಸು’ ಅಂದರೆ ರಭಸವೂ ಹೌದು, ಗಡಸೂ ಹೌದು. ಜೋರಿಗೆ ಇದ್ದ ರೋಗವೇ ಇದಕ್ಕೂ ಇದೆ.

ಹೊಸಪೇಟೆಯಿಂದ:

ಮೇಷ್ಟ್ರೇ, ನಾನು ಇಂಥ ಅಳತೆಯ ದೋಣಿಯಲ್ಲಿ ಕೂತವಳು. ಪದ ಆಮೇಲೆ, ಅಳೆಯುವುದೇನು ಅಂತ ಮೊದಲು ನೋಡಿ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ 343 ಮೀಟರ್ ಹೋದರೆ, 20 ಡಿಗ್ರಿಯ ಸಿಹಿನೀರಿನಲ್ಲಿ ಸುಮಾರು 1,482 ಮೀಟರ್. 20 ಮೀಟರ್ ಆಳಕ್ಕೆ ಹೋಗಿ ಬರಲು 0.027 ಸೆಕೆಂಡು ಸಾಕು. ಬಿಸಿಲಿಗೆ ನೀರು 30 ಡಿಗ್ರಿ ಆಯಿತೆನ್ನಿ, ಅದೇ 1,509 ಆಗುತ್ತದೆ. ಮೆಷಿನ್ನಿನಲ್ಲಿ ಅದನ್ನು ತಿದ್ದದಿದ್ದರೆ 20 ಮೀಟರಿಗೆ ಮುಕ್ಕಾಲು ಮೊಳ ತಪ್ಪುತ್ತದೆ. ಹೂಳಿನ ಲೆಕ್ಕದಲ್ಲಿ ಅದು ಸಣ್ಣದಲ್ಲ.

1826ರಲ್ಲಿ ಜಿನೀವಾ ಸರೋವರದಲ್ಲಿ ಕೊಲ್ಲಡಾನ್ ಮತ್ತು ಸ್ಟುರ್ಮ್ ಇದನ್ನು ಅಳೆದದ್ದು ಗಂಟೆ ಹೊಡೆದು. ಒಂದು ದೋಣಿಯಲ್ಲಿ ನೀರೊಳಗಿನ ಗಂಟೆಗೆ ಏಟು ಬಿದ್ದಾಗಲೇ ಮೇಲೆ ಮದ್ದು ಉರಿಯುತ್ತಿತ್ತು. ಸುಮಾರು 13 ಕಿಲೋಮೀಟರ್ ಆಚೆ ಇನ್ನೊಂದು ದೋಣಿ. ಅಲ್ಲಿ ಬೆಳಕು ಕಂಡಾಗಿನಿಂದ ನೀರಿಗಿಳಿಸಿದ ಕೊಳವೆಯಲ್ಲಿ ಗಂಟೆ ಕೇಳುವ ತನಕ ಎಣಿಸಿದರು. 1,435 ಬಂತು. ಅಲ್ಲಿ ನೀರು ತಣ್ಣಗಿತ್ತು, ಸುಮಾರು 8 ಡಿಗ್ರಿ.

ಗಂಟೆ ಮೆಲ್ಲಗೆ ಹೊಡೆದರೂ ಗಟ್ಟಿಯಾಗಿ ಹೊಡೆದರೂ ಸ್ಪೀಡ್ ಅದೇ. ಹಾಗಾಗಿ ಎರಡು ಕಾಲಂಗೆ ಎರಡು ಪದ ಬೇಕೇ ಬೇಕು. ‘ಸಾಮರ್ಥ್ಯ’ ಅಂದರೆ ಮೂಲದಿಂದ ಹೊರಡುವ ಒಟ್ಟು ವ್ಯಾಟ್. ಒಂದು ಚದರ ಮೀಟರಿಗೆ ಬೀಳುವುದು ‘ತೀವ್ರತೆ’. ದೂರ ಹೋದಂತೆ ಕಡಿಮೆ ಆಗುವುದು ಇದು. ಹೈಡ್ರೋಫೋನಿಗೆ, ಅಂದರೆ ನೀರೊಳಗಿನ ಮೈಕಿಗೆ, ತಾಗುವುದು ಒತ್ತಡ, ಅದರಿಂದ ಡೆಸಿಬೆಲ್ ಲೆಕ್ಕ. ಗಾಳಿಯ 100 ಡೆಸಿಬೆಲ್ಲೂ ನೀರಿನ 100 ಡೆಸಿಬೆಲ್ಲೂ ಒಂದೇ ಅಲ್ಲ. ಸೊನ್ನೆ ಡೆಸಿಬೆಲ್ ಅಂತ ಇಟ್ಟುಕೊಳ್ಳುವ ಆಧಾರದ ಒತ್ತಡ ಗಾಳಿಗೆ 20 ಮೈಕ್ರೋಪಾಸ್ಕಲ್, ನೀರಿಗೆ 1. ಇದನ್ನು ಕೆಳಗೆ ಸಣ್ಣಕ್ಷರದಲ್ಲಾದರೂ ಹಾಕಿ.

ಬಳ್ಳಾರಿಯಿಂದ:

ಹೈಡ್ರೋಫೋನು, ಡೆಸಿಬೆಲ್ಲು, ಮೆಷಿನ್ನು! ಹೀಗೇ ಹೋದರೆ ಕನ್ನಡದಲ್ಲಿ ‘ಮತ್ತು’ ಒಂದೇ ಉಳಿಯುತ್ತದೆ.

ರಾಯಚೂರಿನಿಂದ:

‘ಬಳ್ಳಾರಿ ಜಿಲ್ಲೆ’ಯ ಜಿಲ್ಲೆ ಅರಬ್ಬಿ. ಮೊದಲು ಅದನ್ನು ತೆಗೆಸಿ, ಆಮೇಲೆ ಡೆಸಿಬೆಲ್ಲಿಗೆ ಬನ್ನಿ. ನಾವು ನಿಜಾಮನ ಸೀಮೆಯವರು. ನಮ್ಮ ಅಜ್ಜನ ಹೊಲದ ಕಾಗದವೆಲ್ಲ ಉರ್ದು. ಆದರೆ ಹೊಲದಲ್ಲಿ ಬೆಳೆದದ್ದು ಜೋಳವೇ.

ಕೊಪ್ಪಳದಿಂದ:

ಹೊಸಪೇಟೆಯ ಮೇಡಂಗೆ ದೊಡ್ಡ ನಮಸ್ಕಾರ. ಪೇಂಟರ್ ಬಂದು ಚಹಾ ಕುಡಿದು ಕೂತಿದ್ದಾರೆ. ‘ಜವ’ ಬರೆಯಿರಿ ಅಂದೆ. ಬ್ರಷ್ ಕೆಳಗಿಟ್ಟು, “ಜವ ಅಂದ್ರ ಯಮ ಅಲ್ಲೇನ್ರೀ ಸರ? ಸಾಲ್ಯಾಗ ಬ್ಯಾಡ್ರಿ” ಅಂದರು. ಅದಕ್ಕೆ ‘ಶಬ್ದದ ವೇಗ’, ‘ಶಬ್ದದ ತೀವ್ರತೆ’ ಅಂತಲೇ ಬರೆಸಿದೆ. ರಾಯಚೂರಿನ ಹಿರಿಯರು ದಿಕ್ಕು ಕೇಳಿದರೆ, ಕೆಳಗೆ ಹೋಗಿ ಮೇಲೆ ಬರುತ್ತದೆ ಸರ್. ಎರಡು ಕಾಲಂ ನಡುವೆ ಆ ಹುಡುಗನ ಕೈಯಲ್ಲೇ ಒಂದು ಸಾಲು ಬರೆಸಿದೆ: ‘ಜೋರಾಗಿ ಕೂಗಿದರೂ ಬೇಗ ಮುಟ್ಟುವುದಿಲ್ಲ.’

ಬಳ್ಳಾರಿಯಿಂದ:

‘ಕಾಲಂ’ ಅಲ್ಲ, ‘ನಿಲುಸಾಲು’.